ಗೇಟಿನಾಚೆಯ ಲೆಕ್ಕ

ನವೆಂಬರ್ ಬಂತೆಂದರೆ ಆಲಮಟ್ಟಿಯ ಸುತ್ತಲಿನ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕಾಣತೊಡಗುತ್ತದೆ. ಒಂದು ಎಂಜಿನ್ನಿಗೆ ಎರಡು ಟ್ರೇಲರ್, ಅವುಗಳ ಮೇಲೆ ಆಳೆತ್ತರ ಒಟ್ಟಿದ ಕಬ್ಬು. ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ಗೇಟಿನ ಮುಂದೆ ಈ ಗಾಡಿಗಳು ಸರದಿಗಾಗಿ ಹಗಲು ರಾತ್ರಿ ಕಾಯುತ್ತವೆ. ಸರದಿ ಬಂದಾಗ ಗಾಡಿ ಕಾಟಾ ಏರುತ್ತದೆ, ತೂಕದ ಚೀಟಿ ಹೊರಬರುತ್ತದೆ. ಕಾರ್ಖಾನೆಯ ಲೆಕ್ಕ ಶುರುವಾಗುವುದು ಆ ಚೀಟಿಯಿಂದ. ಮುಗಿಯುವುದು ಸಕ್ಕರೆ ಮೂಟೆ ಗೋದಾಮಿನಿಂದ ಲಾರಿ ಏರಿದಾಗ. ಈ ಎರಡು ಗೇಟುಗಳ ನಡುವೆ ಒಂದು ಕಿಲೋ ಕೂಡ ಲೆಕ್ಕ ತಪ್ಪುವುದಿಲ್ಲ. ಆದರೆ ಆ ಕಬ್ಬು ಕುಡಿದ ನೀರು, ಅದು ಬೆಳೆದ ನೆಲದ ಗತಿ, ಅದನ್ನು ಕಡಿದವರ ಬದುಕು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಉತ್ಪಾದನೆ ಪರಿಸರಕ್ಕೂ ಸಮಾಜಕ್ಕೂ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಬರೆಯದ ಭಾಗದಲ್ಲಿ. ಈ ಸೀಮೆಗೆ ಕಾರ್ಖಾನೆ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾರ್ಖಾನೆಯ ಲೆಕ್ಕ ಗೇಟಿನಲ್ಲಿ ಶುರುವಾಗಿ ಗೇಟಿನಲ್ಲೇ ಮುಗಿಯುವವರೆಗೆ, ನಾವು ಅಗ್ಗವೆಂದು ಕೊಳ್ಳುವ ಸರಕಿನ ಉಳಿದ ಬೆಲೆಯನ್ನು ಬೇರೆ ಯಾರೋ ತೆರುತ್ತಲೇ ಇರುತ್ತಾರೆ. ಆ ಗಡಿಯನ್ನು ಗೇಟಿನಾಚೆಗೆ ಸರಿಸಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಒಂದು ಟನ್ ಕಬ್ಬನ್ನು ಹಿಂಬಾಲಿಸಿ ಒಳಗೆ ಹೋಗೋಣ. ಕತ್ತಿಗಳ ಕೆಳಗೆ ಚೂರಾದ ಕಬ್ಬು ಸಾಲು ಸಾಲು ಗಾಣಗಳಲ್ಲಿ ಅರೆಯಲ್ಪಟ್ಟು ರಸ ಬಿಡುತ್ತದೆ. ರಸಕ್ಕೆ ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ ಕೊಳೆ ತೆಗೆಯುತ್ತಾರೆ. ತಿಳಿಯಾದ ರಸವನ್ನು ಒಂದರ ಪಕ್ಕ ಒಂದಿರುವ ಪಾತ್ರೆಗಳಲ್ಲಿ ಕುದಿಸಿ ಗಟ್ಟಿಯಾಗಿಸಿ, ಹರಳುಗಟ್ಟಿಸಿ, ವೇಗವಾಗಿ ತಿರುಗುವ ಜಾಲರಿ ಡಬ್ಬಿಯಲ್ಲಿ ಸಕ್ಕರೆಯನ್ನೂ ಕಾಕಂಬಿಯನ್ನೂ ಬೇರ್ಪಡಿಸುತ್ತಾರೆ. ಕೊನೆಗೆ ಕೈಗೆ ಸಿಗುವುದು ಹತ್ತಿರ ಹತ್ತಿರ 100 ಕಿಲೋ ಸಕ್ಕರೆ, 300 ಕಿಲೋ ಸಿಪ್ಪೆ, 40 ಕಿಲೋ ಕಾಕಂಬಿ, 35 ಕಿಲೋ ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಮಡ್ಡಿ). ಸಿಪ್ಪೆ ಬಾಯ್ಲರಿಗೆ ಹೋಗಿ ಹಬೆಯಾಗಿ, ವಿದ್ಯುತ್ತಾಗಿ ಕಾರ್ಖಾನೆಯನ್ನೇ ನಡೆಸುತ್ತದೆ. ಮಿಕ್ಕಿದ್ದು ಗ್ರಿಡ್ಡಿಗೆ ಮಾರಾಟವಾಗುತ್ತದೆ. ಪ್ರೆಸ್‌ಮಡ್ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಕಾಕಂಬಿ ಮದ್ಯಸಾರವಾಗುತ್ತದೆ. ಕಬ್ಬಿನ ತೂಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ನೀರೇ ಆದ್ದರಿಂದ ಪ್ರತಿ ಟನ್ನೂ 700 ಲೀಟರ್ ನೀರನ್ನು ತನ್ನೊಳಗೇ ಹೊತ್ತು ತರುತ್ತದೆ. ಅದನ್ನು ಜಾಣತನದಿಂದ ಬಳಸಿದರೆ ಕಾರ್ಖಾನೆ ನದಿಯಿಂದ ತೀರ ಕಡಿಮೆ ನೀರೆತ್ತಿಯೂ ನಡೆಯಬಲ್ಲದು. ಗೇಟಿನೊಳಗೆ ನಿಂತು ನೋಡಿದರೆ ಏನೂ ವ್ಯರ್ಥವಾಗದ ಇಂಥ ಉದ್ಯಮ ಇನ್ನೊಂದಿಲ್ಲ ಎನಿಸುತ್ತದೆ. ಆ ಮೆಚ್ಚುಗೆ ನ್ಯಾಯವಾದದ್ದೇ. ಸಮಸ್ಯೆ ಇರುವುದು ಆ 700 ಲೀಟರನ್ನು ಕಬ್ಬಿನೊಳಗೆ ತುಂಬಲು ಹೊಲದಲ್ಲಿ ಎಷ್ಟು ನೀರು ಹರಿಯಬೇಕಾಯಿತು ಎಂಬಲ್ಲಿ.

ಈ ಪ್ರಶ್ನೆಗೆ ಆಲಮಟ್ಟಿಯಲ್ಲಿ ಬೇರೆ ಊರಲ್ಲಿಲ್ಲದ ತೂಕವಿದೆ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದೂ ನಂಬಿಕೆಯಿಲ್ಲದ ಮಳೆ. ಬಿಳಿಜೋಳ, ಸಜ್ಜೆ, ತೊಗರಿ, ಕಡಲೆ, ಕುಸುಬೆಗೆ ಒಗ್ಗಿದ ನೆಲವಿದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಡೋಣಿ ನದಿಯ ದಂಡೆಯ ಬಗೆಗಿನ ಮಾತು ಹುಟ್ಟಿದ್ದು ಇಲ್ಲೇ. ಈ ಬರದ ಸೀಮೆಗೆ ನೀರು ಕೊಡಲೆಂದು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲಿಟ್ಟರು. ಸುಪ್ರೀಂ ಕೋರ್ಟ್ 2000ದಲ್ಲಿ 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಸಮರ್ಪಿಸಿದರು. ಈಗ ಅಲ್ಲಿ ನಿಲ್ಲುವುದು 123 ಟಿಎಂಸಿ ನೀರು. ಅದರಡಿಯಲ್ಲಿ ಹಳ್ಳಿಗಳು, ಗುಡಿಗಳು, ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಫಲವತ್ತಾದ ಹೊಲಗಳು, ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿವೆ. ಬೇರೆಡೆಯ ಕಾರ್ಖಾನೆಗೆ ನೀರು ಪ್ರಕೃತಿಯ ಕೊಡುಗೆ ಇರಬಹುದು. ಇಲ್ಲಿ ಕಾಲುವೆಯಲ್ಲಿ ಹರಿಯುವ ಪ್ರತಿ ಹನಿಗೂ ಯಾರದೋ ಮನೆ, ಯಾರದೋ ತೋಟ ಬೆಲೆಯಾಗಿ ಸಂದಿದೆ. ಆದ್ದರಿಂದ ಆ ನೀರಿನಿಂದ ಏನು ತಯಾರಿಸುತ್ತೇವೆ, ಯಾರಿಗಾಗಿ ತಯಾರಿಸುತ್ತೇವೆ ಎಂದು ಕೇಳುವ ಹಕ್ಕು ಈ ಸೀಮೆಯ ಜನರಿಗೆ ಉಳಿದೆಲ್ಲರಿಗಿಂತ ಹೆಚ್ಚಾಗಿದೆ.

ಈಗ ಲೆಕ್ಕ ಮಾಡೋಣ. ದಿನಕ್ಕೆ 5,000 ಟನ್ ಅರೆಯುವ ಮಧ್ಯಮ ಗಾತ್ರದ ಒಂದು ಕಾರ್ಖಾನೆ 120 ದಿನ ನಡೆದರೆ 6 ಲಕ್ಷ ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಇಳುವರಿ ಹಿಡಿದರೂ ಅದು 15,000 ಎಕರೆಯ ಬೆಳೆ. ಕಬ್ಬಿಗೆ ಒಂದು ಬೆಳೆಯವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಡುವಿನ 2,000ವನ್ನು ಹಿಡಿದು, ಅದರಲ್ಲಿ 600 ಮಿಲಿಮೀಟರನ್ನು ಮಳೆಯೇ ಕೊಟ್ಟಿತು ಎಂದು ಕಳೆದರೂ ಉಳಿದ 1,400 ಮಿಲಿಮೀಟರ್ ನದಿಯಿಂದಲೋ ಕಾಲುವೆಯಿಂದಲೋ ಕೊಳವೆಬಾವಿಯಿಂದಲೋ ಬರಬೇಕು. 15,000 ಎಕರೆಗೆ ಅದು ಸುಮಾರು 3 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಈ ಮೂರು ಟಿಎಂಸಿಯನ್ನು ಕಾರ್ಖಾನೆ ತಯಾರಿಸುವ 6 ಕೋಟಿ ಕಿಲೋ ಸಕ್ಕರೆಗೆ ಹಂಚಿದರೆ ಕಿಲೋ ಒಂದಕ್ಕೆ 1,400 ಲೀಟರ್ ಮೀರುತ್ತದೆ. ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆ ಐದು ಗ್ರಾಂ ಎಂದುಕೊಂಡರೆ ಅದರ ಹಿಂದೆ ಏಳು ಲೀಟರ್ ನೀರಿದೆ: ಒಂದು ಸಣ್ಣ ಕೊಡದಷ್ಟು. ಮಳೆ ಹೇರಳವಾಗಿ ಬೀಳುವ ನಾಡಿನಲ್ಲಿ ಇದು ದೊಡ್ಡ ಮಾತಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಹಳ್ಳಿಗಳಿರುವ ಜಿಲ್ಲೆಯಲ್ಲಿ ದೊಡ್ಡ ಮಾತೇ.

ಈ ಲೆಕ್ಕದ ನಿಜವಾದ ಗಾತ್ರ ತಿಳಿಯಲು ಪಕ್ಕದಲ್ಲೇ ಒಂದು ಹೋಲಿಕೆಯಿದೆ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವಾಟ್. 2017 ಮತ್ತು 2018ರಲ್ಲಿ ಅವು ಒಂದೊಂದಾಗಿ ವಾಣಿಜ್ಯ ಉತ್ಪಾದನೆಗೆ ಬಂದವು. ಸ್ಥಾವರಕ್ಕೆ ನೀರು ಬರುವುದು ಆಲಮಟ್ಟಿ ಜಲಾಶಯದಿಂದಲೇ. ಹೊಸ ಉಷ್ಣ ಸ್ಥಾವರಗಳು ಸಾವಿರ ಯೂನಿಟ್ ವಿದ್ಯುತ್ತಿಗೆ 3,000 ಲೀಟರಿಗಿಂತ ಹೆಚ್ಚು ನೀರು ಬಳಸಬಾರದೆಂಬ ನಿಯಮವಿದೆ. ಆ ಮಿತಿಯನ್ನೇ ಹಿಡಿದು, ಮೂರೂ ಘಟಕಗಳು ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದವು ಎಂದುಕೊಂಡರೂ ಬೇಕಾಗುವುದು ಸುಮಾರು 2.2 ಟಿಎಂಸಿ. ಅಂದರೆ ಹತ್ತಾರು ಕಿಲೋಮೀಟರ್ ದೂರಕ್ಕೂ ಚಿಮಣಿ ಕಾಣುವ, ಚಳವಳಿಗೂ ಗೋಲಿಬಾರಿಗೂ ಕಾರಣವಾದ ಬೃಹತ್ ಸ್ಥಾವರಕ್ಕಿಂತ, ಯಾರ ಕಣ್ಣಿಗೂ ಬೀಳದ ಒಂದು ಮಧ್ಯಮ ಸಕ್ಕರೆ ಕಾರ್ಖಾನೆಯ ಹಿಂದಿನ ಹೊಲಗಳು ಹೆಚ್ಚು ನೀರು ಕುಡಿಯುತ್ತವೆ. ಸ್ಥಾವರ ನಿರುಪದ್ರವಿ ಎಂದು ಇದರ ಅರ್ಥವಲ್ಲ. ಕಣ್ಣಿಗೆ ಕಾಣುವ ಹೊಗೆಯನ್ನೇ ಮಾಲಿನ್ಯವೆಂದು ತಿಳಿದರೆ ಉತ್ಪಾದನೆಯ ದೊಡ್ಡ ಪರಿಣಾಮಗಳು ತಪ್ಪಿಸಿಕೊಂಡುಬಿಡುತ್ತವೆ ಎಂಬುದು ಇದರಿಂದ ಗೊತ್ತಾಗುವ ಸಂಗತಿ.

ಕೂಡಗಿಯ ತೊಂದರೆ ಇರುವುದು ಬೂದಿಯಲ್ಲಿ. 2,400 ಮೆಗಾವಾಟ್ ಪೂರ್ತಿ ಓಡಿದ ದಿನ 5.76 ಕೋಟಿ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಯೂನಿಟ್ಟಿಗೆ 650 ಗ್ರಾಂ ಕಲ್ಲಿದ್ದಲೆಂದರೂ ಅಂದು ಸುಮಾರು 37,000 ಟನ್ ಸುಡಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಎಲ್ಲವೂ ದೂರದಿಂದ ಗೂಡ್ಸ್ ರೈಲಿನಲ್ಲಿ ಬರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಮೂರರಲ್ಲಿ ಒಂದರಷ್ಟು. ಹಾಗಾಗಿ ಅಂಥ ದಿನ ಉಳಿಯುವ ಬೂದಿ ಹತ್ತು ಹನ್ನೆರಡು ಸಾವಿರ ಟನ್. ವರ್ಷದ ಎಲ್ಲ ದಿನ ಸ್ಥಾವರ ಪೂರ್ತಿ ಓಡುವುದಿಲ್ಲ ನಿಜ, ಅರ್ಧ ಓಡಿದರೂ ದಿನಕ್ಕೆ ನೂರಾರು ಟಿಪ್ಪರ್ ಬೂದಿ. ವಿದ್ಯುತ್ತು ತಂತಿಯ ಮೇಲೆ ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಹೋಗುತ್ತದೆ, ಬೂದಿ ಮಾತ್ರ ಊರಲ್ಲೇ ಉಳಿಯುತ್ತದೆ. ಜೋಳದ ತೆನೆಯ ಮೇಲೆ, ದ್ರಾಕ್ಷಿ ಎಲೆಯ ಮೇಲೆ, ಕುಡಿಯುವ ನೀರಿನ ಮೇಲೆ ಅದು ಕೂತರೆ ಏನು ಗತಿ ಎಂಬ ಭಯ ಸ್ಥಾವರ ಕಟ್ಟುವ ಮೊದಲೇ ಸುತ್ತಲ ರೈತರಲ್ಲಿತ್ತು. ಆ ಭಯಕ್ಕೆ ಸಮಾಧಾನವಾಗಿ ಕೂತು ಉತ್ತರ ಹೇಳುವ ಕೆಲಸ ಆಗಲಿಲ್ಲ. 2014ರ ಜುಲೈ 5ರಂದು ಪ್ರತಿಭಟನೆ ಉಗ್ರವಾಗಿ, ಪೊಲೀಸರು ಗುಂಡು ಹಾರಿಸಿ, ರೈತರು ಗಾಯಗೊಂಡರು. ಒಂದು ಉದ್ಯಮದ ಸಾಮಾಜಿಕ ಪರಿಣಾಮ ಅದು ಉತ್ಪಾದನೆ ಶುರುಮಾಡುವ ಎಷ್ಟೋ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಆ ದಿನವೇ ಸಾಕ್ಷಿ.

ಕಾನೂನು ಇಲ್ಲವೇ, ಮಂಡಳಿಗಳು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ, ಮತ್ತು ಅವು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಲೂ ಇವೆ. ಸಕ್ಕರೆ, ಮದ್ಯಸಾರ, ಉಷ್ಣ ವಿದ್ಯುತ್ ಈ ಮೂರೂ ಅತಿ ಮಾಲಿನ್ಯಕಾರಿ ಎಂದು ಗುರುತಿಸಿದ 17 ಬಗೆಯ ಉದ್ಯಮಗಳ ಪಟ್ಟಿಯಲ್ಲಿವೆ; ಅವುಗಳ ಚಿಮಣಿ ಮತ್ತು ಹೊರಹರಿವಿನ ಬಾಯಿಗೆ ಸದಾ ಅಳೆಯುವ ಉಪಕರಣ ಕೂರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂಕಿಗಳು ತಲುಪುವಂತೆ ಮಾಡಬೇಕು. 2016ರ ನಿಯಮದಂತೆ ಸಕ್ಕರೆ ಕಾರ್ಖಾನೆ ಟನ್ ಕಬ್ಬಿಗೆ ಹೊರಬಿಡಬಹುದಾದ ನೀರು ಎಲ್ಲ ಸೇರಿ 200 ಲೀಟರ್ ಮಾತ್ರ. ಇವು ಒಳ್ಳೆಯ ನಿಯಮಗಳು. ಆದರೆ ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ, 6 ಲಕ್ಷ ಟನ್ನಿಗೆ 200 ಲೀಟರಿನಂತೆ ಕಾನೂನಿನ ಕಣ್ಗಾವಲಿಗೆ ಬರುವುದು 12 ಕೋಟಿ ಲೀಟರ್. ಅದೇ ಕಬ್ಬಿಗೆ ಹೊಲದಲ್ಲಿ ಹರಿದದ್ದು ಅದರ 700 ಪಟ್ಟು. ಒಂದು ಹೊರಬಿಟ್ಟ ಕೊಳಕು ನೀರು, ಇನ್ನೊಂದು ಬೆಳೆ ಕುಡಿದ ಸಿಹಿನೀರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು, ಸರಿ. ಆದರೂ ಅಳೆಯುವ ಯಂತ್ರವನ್ನು ನಾವು ಎಲ್ಲಿ ನಿಲ್ಲಿಸಿದ್ದೇವೆ ಎಂಬುದು ಇದರಿಂದ ತಿಳಿಯುತ್ತದೆ. ಕಾರ್ಖಾನೆಗೆ ಪರವಾನಗಿ ಕೊಡುವ ಇಲಾಖೆ, ಹೊರಹರಿವು ನೋಡುವ ಮಂಡಳಿ, ಕಾಲುವೆಗೆ ನೀರು ಬಿಡುವ ನಿಗಮ ಬೇರೆ ಬೇರೆ. ಅರೆಯುವ ಸಾಮರ್ಥ್ಯವನ್ನು ಐದರಿಂದ ಹತ್ತು ಸಾವಿರ ಟನ್ನಿಗೆ ಏರಿಸಲು ಅನುಮತಿ ಕೊಡುವಾಗ, ಹೆಚ್ಚುವರಿ ಕಬ್ಬಿನ ನೀರು ಯಾವ ಕಾಲುವೆಯಿಂದ, ಯಾರ ಪಾಲಿನಿಂದ ಬರುತ್ತದೆ ಎಂದು ಕೇಳಿ ಉತ್ತರ ಬರೆಸಿಕೊಳ್ಳುವ ಹೊಣೆ ಸ್ಪಷ್ಟವಾಗಿ ಒಬ್ಬರ ಮೇಲೆ ಇರಬೇಕು.

ಆ ನೀರು ಖರ್ಚಾಗಿ ಸುಮ್ಮನೆ ಹೋಗುವುದೂ ಇಲ್ಲ. ನೆಲದ ಮೇಲೆ ಗುರುತು ಉಳಿಸುತ್ತದೆ. ಆಲಮಟ್ಟಿ ಅಣೆಕಟ್ಟೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆ ರೂಪುಗೊಂಡದ್ದು ಹೆಚ್ಚು ಜನರಿಗೆ ಅಷ್ಟಷ್ಟು ನೀರು ಕೊಟ್ಟು ಅರೆ ಒಣ ಬೆಳೆಗಳನ್ನು ಉಳಿಸಲು, ವರ್ಷವಿಡೀ ನೀರು ಬೇಡುವ ಬೆಳೆಗಾಗಿ ಅಲ್ಲ. ಇಲ್ಲಿಯ ಎರೆಮಣ್ಣು ನೀರನ್ನು ಹಿಡಿದುಕೊಳ್ಳುತ್ತದೆ, ಬೇಗ ಬಸಿಯಗೊಡುವುದಿಲ್ಲ. ಬರದಲ್ಲಿ ಜೋಳವನ್ನು ಕಾಪಾಡುವ ಅದೇ ಗುಣ, ಮೇಲಿಂದ ಮೇಲೆ ನೀರು ಹಾಯಿಸಿದಾಗ ಶತ್ರುವಾಗುತ್ತದೆ. ಕಾಲುವೆಯ ಸೋರಿಕೆ, ಹೊಲಕ್ಕೆ ಬಿಟ್ಟ ಹೆಚ್ಚಿನ ನೀರು ಎರಡೂ ಕೆಳಗಿಳಿದು ಅಂತರ್ಜಲವನ್ನು ಮೇಲೆತ್ತುತ್ತವೆ. ನೆಲದಾಳದ ಉಪ್ಪು ಆ ನೀರಿನಲ್ಲಿ ಕರಗಿ ಮೇಲೇರುತ್ತದೆ. ಬೇಸಿಗೆಯ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಇಂಥ ಹೊಲದ ಬದುವಿನ ಮೇಲೆ ನಿಂತರೆ ಕಪ್ಪು ಮಣ್ಣಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪದರ ಕಾಣುತ್ತದೆ. ಕಾಲಿಟ್ಟರೆ ಪುಡಿಯಾಗುತ್ತದೆ, ಬೀಜ ಹಾಕಿದರೆ ಮೊಳೆಯುವುದಿಲ್ಲ. ಇದನ್ನೇ ನಮ್ಮ ರೈತರು ಸವಳು-ಜವಳು ಎನ್ನುವುದು. ಕಾರ್ಖಾನೆಯ ಚಿಮಣಿಯಿಂದ ಈ ಉಪ್ಪು ಹೊರಬರಲಿಲ್ಲ, ಹಾಗಾಗಿ ಕಾರ್ಖಾನೆಯ ಮಾಲಿನ್ಯದ ಪಟ್ಟಿಯಲ್ಲಿ ಇದಿಲ್ಲ. ಆದರೆ ಕಾರ್ಖಾನೆ ಇಲ್ಲದೆ ಆ ಹೊಲದಲ್ಲಿ ಕಬ್ಬಿರುತ್ತಿರಲಿಲ್ಲ, ಕಬ್ಬಿಲ್ಲದೆ ಅಷ್ಟು ನೀರು ಹಾಯುತ್ತಿರಲಿಲ್ಲ. ಕಾರಣದ ಸರಪಳಿ ಉದ್ದವಾದ ಮಾತ್ರಕ್ಕೆ ಕಡಿದುಹೋಗುವುದಿಲ್ಲ.

ಸಕ್ಕರೆಯ ಜೊತೆ ಈಗ ಎಥೆನಾಲ್ ಸೇರಿಕೊಂಡಿದೆ. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ವಿದೇಶದ ಕಚ್ಚಾ ತೈಲ ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ರೈತನಿಗೆ ಹಣ ಬೇಗ ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ಬಟ್ಟಿ ಇಳಿಸಿದಾಗ ಎಂಟರಿಂದ ಹದಿನೈದು ಲೀಟರ್ ಕಡುಕಂದು ಬಣ್ಣದ ತ್ಯಾಜ್ಯ ದ್ರವ ಉಳಿಯುತ್ತದೆ. ನೀರಿನಲ್ಲಿರುವ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕು ಎಂಬುದು ಕೊಳೆಯ ಅಳತೆ. ಪಟ್ಟಣದ ಚರಂಡಿ ನೀರಿಗೆ ಅದು ಲೀಟರಿಗೆ 200–300 ಮಿಲಿಗ್ರಾಂ ಇದ್ದರೆ ಈ ದ್ರವಕ್ಕೆ 40,000 ದಾಟುತ್ತದೆ. ಹಳ್ಳಕ್ಕೆ ಸ್ವಲ್ಪ ಹರಿದರೂ ಆ ನೀರಿನ ಉಸಿರನ್ನೆಲ್ಲ ಅದು ಹೀರಿ ಮೀನು ತೇಲುತ್ತವೆ. ಅದಕ್ಕೇ ಇಂಥ ಘಟಕಗಳು ಹನಿ ದ್ರವವನ್ನೂ ಹೊರಬಿಡದೆ ಬತ್ತಿಸಿ, ಸುಟ್ಟು, ಇಲ್ಲವೇ ಗೊಬ್ಬರ ಮಾಡಿ ಮುಗಿಸಬೇಕೆಂಬ ಷರತ್ತಿದೆ. ಷರತ್ತು ಪಾಲಿಸಿದರೆ ಹಳ್ಳ ಉಳಿಯುತ್ತದೆ. ನೀರಿನ ಪ್ರಶ್ನೆ ಆಗಲೂ ಉಳಿಯುತ್ತದೆ. ಇಂಧನ ಹಸಿರೋ ಅಲ್ಲವೋ ಎಂದು ಬೆಂಗಳೂರಿನ ಕಾರಿನ ಹೊಗೆ ನೋಡಿ ಮಾತ್ರ ತೀರ್ಮಾನಿಸಲಾಗದು, ಕೃಷ್ಣೆಯ ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟಿತೇ ಎಂದೂ ನೋಡಬೇಕು.

ನೀರು, ನೆಲದಷ್ಟೇ ಲೆಕ್ಕಕ್ಕೆ ಸಿಗದೆ ಹೋದವರು ಕಬ್ಬು ಕಡಿಯುವವರು. ಕಬ್ಬು ಕಡಿದ ಒಂದು ದಿನದೊಳಗೆ ಗಾಣಕ್ಕೆ ಹೋಗಬೇಕು. ತಡವಾದಷ್ಟೂ ತೂಕ, ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ಆದ್ದರಿಂದ ಗಾಣದ ವೇಗಕ್ಕೆ ಮನುಷ್ಯರ ಕೈ ಓಡಬೇಕು. ಬೆಳಕು ಹರಿಯುವ ಮುನ್ನ ಗ್ಯಾಂಗ್ ಹೊಲಕ್ಕಿಳಿಯುತ್ತದೆ. ಗಂಡ ಬುಡಕ್ಕೆ ಕುಡುಗೋಲು ಹಾಕಿ ಕಡಿದರೆ, ಹೆಂಡತಿ ಸೋಗೆ ಸವರಿ ಪೆಂಡಿ ಕಟ್ಟಿ, ತಲೆಯ ಮೇಲೆ ಹೊತ್ತು, ಟ್ರೇಲರಿಗೆ ಆನಿಸಿದ ಹಲಗೆಯ ಮೇಲೆ ಹತ್ತಿ ಒಟ್ಟುತ್ತಾಳೆ. ರವದಿಯ ಅಲಗಿಗೆ ಕೈ ಕೊಯ್ದಿರುತ್ತದೆ, ಕೂಸು ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯ ಕುಟುಂಬಗಳು ಇಲ್ಲಿಗೆ ಬರುತ್ತವೆ, ವಿಜಯಪುರದ ತಾಂಡಾಗಳ ಕುಟುಂಬಗಳು ಅತ್ತ ಹೋಗುತ್ತವೆ. ಕೂಲಿಯವರನ್ನು ಕರೆತರುವ ಮುಕಾದಮನ ಕೈಯಿಂದ ಮುಂಗಡ ತೆಗೆದುಕೊಂಡ ದಿನವೇ ಆ ಹಂಗಾಮಿನ ದುಡಿಮೆ ಅಡವಾಗಿರುತ್ತದೆ. ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳಲಾಗುತ್ತದೆ, ಕಡಿಯುವವರ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರಿ ಸಮಿತಿಯೊಂದು ಕಬ್ಬು ಕಡಿಯುವ ಹೆಂಗಸರನ್ನು ಸಮೀಕ್ಷೆ ಮಾಡಿದಾಗ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿರುವುದು ಕಂಡಿತು. ಮುಟ್ಟಿನ ದಿನವೂ ರಜೆಯಿಲ್ಲ, ಬಿಟ್ಟ ದಿನಕ್ಕೆ ದಂಡ ಕಟ್ಟಬೇಕು ಎಂಬ ದುಡಿಮೆ ಮೈಯ ಮೇಲೆ ಎಲ್ಲಿಯವರೆಗೆ ಏರಿಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷ್ಯ ಬೇಕಿಲ್ಲ.

ಇಷ್ಟೆಲ್ಲ ಹೇಳಿದಾಗ ಮೊದಲು ಬರುವ ಆಕ್ಷೇಪ: ಕಬ್ಬು ಹಾಕೆಂದು ರೈತನನ್ನು ಯಾರೂ ಒತ್ತಾಯಿಸಿಲ್ಲ, ಅದು ಅವನ ಆಯ್ಕೆ. ಆಯ್ಕೆಯೇ ಹೌದು. ಆದರೆ ಯಾವ ಆಯ್ಕೆಗಳ ನಡುವೆ? ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಗೊತ್ತುಮಾಡುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಇತ್ತು. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ನಿಯಮ ಎಲ್ಲೆಡೆ ಪಾಲನೆಯಾಗುವುದಿಲ್ಲ, ಕೈಗೆ ಬರುವ ಬೆಲೆ ಸಾಲದು ಎಂಬ ಸಿಟ್ಟು ನಿಜ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಕಟಾವು, ಸಾಗಾಣಿಕೆ ವೆಚ್ಚ ಬಿಟ್ಟು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತದ್ದು, ಸರ್ಕಾರ ಕೊನೆಗೆ 3,300 ರೂಪಾಯಿ ಘೋಷಿಸಿದ್ದು ಆ ಸಿಟ್ಟಿನಿಂದಲೇ. ಆದರೂ ಜೋಳ, ತೊಗರಿ ಬೆಳೆದವನಿಗೆ ಇಷ್ಟು ಗಟ್ಟಿಯಾದ ಬೆಲೆಯ ಭರವಸೆ ಇಲ್ಲ. ಬೆಂಬಲ ಬೆಲೆ ಘೋಷಣೆಯಾದರೂ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಬಡ ರೈತನ ತೊಗರಿ ಮಾರಾಟವಾಗಿರುತ್ತದೆ. ಹಾಗಾಗಿ ನೀರು ಸಿಕ್ಕವನು ಕಬ್ಬಿನ ಕಡೆ ವಾಲುವುದು ಸಹಜ. ಅವನನ್ನು ದೂರುವುದು ಅನ್ಯಾಯ. ಬದಲಾಗಬೇಕಾದದ್ದು ಅವನ ಮುಂದಿರುವ ಆಯ್ಕೆಗಳ ಪಟ್ಟಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಲಿಂಬೆ, ದ್ರಾಕ್ಷಿ, ದಾಳಿಂಬೆ, ತೊಗರಿ ಇವನ್ನು ಒಣಗಿಸುವ, ಹಿಂಡುವ, ಬೇಳೆ ಮಾಡುವ ಕಾರ್ಖಾನೆಗಳು ಸಕ್ಕರೆ ಕಾರ್ಖಾನೆಗಳಷ್ಟೇ ಗಟ್ಟಿಯಾಗಿ ನಿಂತರೆ ರೈತ ಕಡಿಮೆ ನೀರಿನ ಬೆಳೆಯನ್ನೂ ಧೈರ್ಯವಾಗಿ ಆರಿಸಿಕೊಳ್ಳಬಲ್ಲ.

ಎರಡನೇ ಆಕ್ಷೇಪ ಇನ್ನೂ ಗಂಭೀರ: ಗುಳೆ ಹೋಗುವುದೇ ಬದುಕಾಗಿರುವ ಈ ಸೀಮೆಯಲ್ಲಿ ಕಾರ್ಖಾನೆಯ ತಪ್ಪು ಹುಡುಕುತ್ತ ಕೂತರೆ ಕೆಲಸ ಎಲ್ಲಿಂದ ಬರಬೇಕು? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕೃಷ್ಣಾನಗರದ ನಂದಿ, ಮರಗೂರಿನ ಭೀಮಾಶಂಕರದಂಥ ಸಹಕಾರಿ ಕಾರ್ಖಾನೆಗಳಲ್ಲಿ ಸಾವಿರಾರು ರೈತರು ಷೇರುದಾರರು. ಕಬ್ಬಿನ ಹಣದಲ್ಲಿ ಮನೆ ಕಟ್ಟಿದವರು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದವರು ಊರೂರಲ್ಲಿ ಇದ್ದಾರೆ. ಗ್ಯಾರೇಜು, ಟೈರ್ ಅಂಗಡಿ, ಖಾನಾವಳಿ, ಗೊಬ್ಬರದಂಗಡಿ ಎಲ್ಲವೂ ಆ ಹಂಗಾಮಿನ ಮೇಲೆ ನಿಂತಿವೆ. ಉದ್ಯಮ ಬೇಡವೆಂದವರು ಈ ಜನರಿಗೆ ಉತ್ತರ ಹೇಳಬೇಕಾಗುತ್ತದೆ. ಆದರೆ ಲೆಕ್ಕ ಪೂರ್ತಿ ಇರಲಿ ಎನ್ನುವುದು ಉದ್ಯಮ ಬೇಡ ಎಂದಂತಲ್ಲ. ಸವಳಾದ ಎಕರೆ ಮತ್ತೆ ಕಬ್ಬನ್ನೂ ಕೊಡುವುದಿಲ್ಲ. ನೀರು ತಪ್ಪಿದ ವರ್ಷ ಗಾಣವೂ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ನೆಲ ನೀರನ್ನು ಕಾಯುವುದು ಆ ಕೆಲಸಗಳನ್ನು ಕಾಯುವ ದಾರಿಯೇ.

ಖರ್ಚು ಹೆಚ್ಚಾದರೆ ಉದ್ಯಮ ಬೇರೆ ಕಡೆ ಹೋಗುತ್ತದೆ, ಸರಕು ತುಟ್ಟಿಯಾಗುತ್ತದೆ ಎಂಬುದು ಮೂರನೇ ಮಾತು. ಇಲ್ಲಿ ಅಂಕಿಗಳೇ ಧೈರ್ಯ ಹೇಳುತ್ತವೆ. ಮಹಾರಾಷ್ಟ್ರ ಸರ್ಕಾರ ಕಬ್ಬು ಕಡಿಯುವವರ ಕಲ್ಯಾಣಕ್ಕೆ ಗೋಪಿನಾಥ ಮುಂಡೆ ಹೆಸರಿನ ಮಂಡಳಿ ಮಾಡಿ, ಕಾರ್ಖಾನೆಗಳಿಂದ ಟನ್ ಕಬ್ಬಿಗೆ 10 ರೂಪಾಯಿ ವಸೂಲಿ ಮಾಡುವ ಕ್ರಮ ತಂದಿದೆ. ಟನ್ನಿಗೆ 100 ಕಿಲೋ ಸಕ್ಕರೆ ಎಂದರೆ ಕಿಲೋಗೆ ಬೀಳುವ ಭಾರ 10 ಪೈಸೆ. ನಮ್ಮ ಉದಾಹರಣೆಯ ಕಾರ್ಖಾನೆಯೊಂದರಿಂದಲೇ ಹಂಗಾಮಿಗೆ 60 ಲಕ್ಷ ರೂಪಾಯಿ ಸೇರುತ್ತದೆ: ಟೆಂಟಿನ ಪಕ್ಕ ನೀರು ಶೌಚಾಲಯ, ಮಕ್ಕಳಿಗೆ ಟೆಂಟ್ ಶಾಲೆ, ವಿಮೆ, ಹೆಂಗಸರಿಗೆ ದಾದಿಯ ಭೇಟಿ ಇಷ್ಟಕ್ಕೂ ಅದು ಒಳ್ಳೆಯ ಆರಂಭ. ಬೂದಿಗೂ ಇಂಥದೇ ದಾರಿ ಇದೆ. 2021ರ ಡಿಸೆಂಬರ್ 31ರ ಅಧಿಸೂಚನೆಯಂತೆ ಉಷ್ಣ ಸ್ಥಾವರಗಳು ಬೂದಿಯನ್ನೆಲ್ಲ ಸಿಮೆಂಟ್, ಇಟ್ಟಿಗೆ, ರಸ್ತೆಗಳಿಗೆ ಕೊಟ್ಟು ಮುಗಿಸಬೇಕು. ಗಡುವಿನೊಳಗೆ ಮುಗಿಯದ ಬೂದಿಗೆ ಟನ್ನಿಗೆ 1,000 ರೂಪಾಯಿ ಪರಿಹಾರ ಕಟ್ಟಬೇಕು. ಎಸೆಯುವುದಕ್ಕಿಂತ ಬಳಸುವುದು ಅಗ್ಗವಾದಾಗ ಯಾರೂ ಎಸೆಯುವುದಿಲ್ಲ. ಹೊಸ ಖರ್ಚನ್ನು ಇವು ಹುಟ್ಟಿಸುತ್ತಿಲ್ಲ. ಇದುವರೆಗೆ ಗೇಟಿನಾಚೆ ಹೊಲದವನೋ ಹೆಣ್ಣುಮಗಳೋ ತೆರುತ್ತಿದ್ದ ಖರ್ಚನ್ನು ಗೇಟಿನೊಳಗಿನ ಪುಸ್ತಕಕ್ಕೆ ತರುತ್ತಿವೆ ಅಷ್ಟೆ.

ಈ ಬದಲಾವಣೆ ತಾನಾಗಿ ಆಗುವುದಿಲ್ಲ ಎಂಬುದಕ್ಕೆ ಕೃಷ್ಣೆಯ ಉಪನದಿ ತುಂಗಭದ್ರೆಯ ದಂಡೆಯಲ್ಲೇ ಪಾಠವಿದೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ನದಿ ಕೆಡುತ್ತಿದೆ ಎಂದು 1980ರ ದಶಕದಲ್ಲಿ ದಂಡೆಯ ಮೀನುಗಾರರೂ ರೈತರೂ ದನಿಯೆತ್ತಿದರು. ಅದೇ ಕಾರ್ಖಾನೆಗೆ ಕಚ್ಚಾವಸ್ತುವಾಗುವ ನೀಲಗಿರಿ ನೆಡಲು ಹಳ್ಳಿಗಳ ಗೋಮಾಳ ಗಾಯರಾಣ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ತಮಗೆ ಉಪಯೋಗವಾಗುವ ಗಿಡ ನೆಟ್ಟರು. ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರಾದರು, 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಗಮನಿಸಬೇಕಾದದ್ದು ಇದು: ಪಾಲಿಫೈಬರ್ಸ್ ಕಾರ್ಖಾನೆಗೆ ಬೀಗ ಬೀಳಲಿಲ್ಲ, ಜನರ ಗೋಮಾಳವನ್ನು ಬಿಟ್ಟಿ ಕಚ್ಚಾವಸ್ತುವೆಂದು ಎಣಿಸುವುದು ನಿಂತಿತು. ಮೊದಲ ಬೆಲೆಯನ್ನು ಜನ ಹೋರಾಡಿ ಹಾಕಿಸಬೇಕಾಯಿತು. ಕೂಡಗಿಯಲ್ಲಿ ಗುಂಡು ಹಾರುವ ಹಂತಕ್ಕೆ ಹೋಗದೆ ಆ ಮಾತುಕತೆ ಮೊದಲೇ ನಡೆಯಬಹುದಿತ್ತು. ಮುಂದಿನ ಕಾರ್ಖಾನೆಯ ವಿಷಯದಲ್ಲಾದರೂ ಹಾಗೆ ನಡೆಯಬೇಕು.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವಲ್ಲ. ಹೊಸ ಗಾಣಕ್ಕೋ ಸಾಮರ್ಥ್ಯ ಏರಿಕೆಗೋ ಅನುಮತಿ ಕೊಡುವ ಮುನ್ನ ಅದರ ಕಬ್ಬಿನ ನೀರಿನ ಮೂಲವನ್ನು ನೀರಾವರಿ ನಿಗಮ ಪ್ರಮಾಣೀಕರಿಸಲಿ. ತನ್ನ ಕಬ್ಬಿನ ಪ್ರದೇಶದಲ್ಲಿ ಹನಿ ನೀರಾವರಿ ಹರಡುವುದಕ್ಕೆ, ಸವಳು ನೆಲದಡಿ ಬಸಿಗಾಲುವೆ ಕೊಳವೆ ಹೂಳುವುದಕ್ಕೆ ಕಾರ್ಖಾನೆಯೂ ಪಾಲು ಹಾಕಲಿ. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ಯೋಜನೆ ಆಗಲೇ ಬಂದಿದೆ. ಕೊಳವೆ ಹೂಳಿದ ಮೇಲೆ ವರ್ಷ ವರ್ಷ ಅದನ್ನು ನೋಡಿಕೊಳ್ಳುವವರು ಇರಬೇಕು ಎಂಬ ಪಾಠವೂ ಅಲ್ಲಿಂದಲೇ ಸಿಕ್ಕಿದೆ. ಬೂದಿ ಎಷ್ಟು ಬಂತು, ಎಷ್ಟು ಹೋಯಿತು, ಹೊರಹರಿವಿನ ಅಳತೆ ಎಷ್ಟು ಎಂಬ ಅಂಕಿಗಳು ಮಂಡಳಿಯ ಕಂಪ್ಯೂಟರಿನಲ್ಲಿ ಮಾತ್ರ ಉಳಿಯದೆ ಪಂಚಾಯಿತಿ ಕಟ್ಟೆಯ ಫಲಕದ ಮೇಲೆ ಕನ್ನಡದಲ್ಲಿ ತಿಂಗಳು ತಿಂಗಳು ಬರಲಿ. ಬೆಲೆ ತೆರುವವರಿಗೆ ಬಿಲ್ಲು ಓದುವ ಹಕ್ಕಾದರೂ ಇರಬೇಕು.

ಇದಕ್ಕೆ ಈಗಲೇ ಗಳಿಗೆ. ಆಲಮಟ್ಟಿ ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ಎರಡನೇ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿದೆ. ಆ ಎತ್ತರಕ್ಕೆ ಇನ್ನೂ ಸುಮಾರು 75,000 ಎಕರೆ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದಕ್ಕೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಗೊತ್ತುಮಾಡಿತು. ಹೊಸ ನೀರು ಬಂದರೆ ಅದರ ಬೆನ್ನಿಗೇ ಹೊಸ ಗಾಣಗಳು, ಹೊಸ ಬಟ್ಟಿಗಳು ಬರುತ್ತವೆ. ಆ ನೀರು ಹತ್ತು ಊರಿನ ಜೋಳ ತೊಗರಿಗೆ ಜೀವ ಕೊಡಬೇಕೇ, ಒಂದು ಊರಿನ ಕಬ್ಬಿಗೆ ಮುಗಿದುಹೋಗಬೇಕೇ ಎಂದು ತೀರ್ಮಾನಿಸಬೇಕಾದದ್ದು ಕಾಲುವೆಗೆ ನೀರು ಬಿಟ್ಟ ಮೇಲಲ್ಲ, ಈಗ. ಹೊಲ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದ ಮನೆಗೆ ಹೋಗಲಿರುವ ಕುಟುಂಬದ ಕೈಗೆ ಎಕರೆಯ ಲೆಕ್ಕದ ಚೆಕ್ಕು ಸಿಗುತ್ತದೆ. ಅದರ ಜೊತೆಗೆ, ನಿನ್ನ ನೆಲ ಮುಳುಗಿಸಿ ನಿಲ್ಲಿಸಿದ ನೀರಿನಿಂದ ಏನು ತಯಾರಾಯಿತು, ಅದು ಎಷ್ಟು ಜನರನ್ನು ತಲುಪಿತು, ಇನ್ನೊಬ್ಬರ ನೆಲವನ್ನು ಕೆಡಿಸಲಿಲ್ಲ ತಾನೇ ಎಂಬುದಕ್ಕೂ ಆ ಕುಟುಂಬಕ್ಕೆ ನಾವು ಉತ್ತರ ಕೊಡಬೇಕಾಗಿದೆ.